ಹೆದರಿಸುವ ಮನೆ, ಕರೆಯುವ ಬಾಗಿಲು

ಅಮೆರಿಕದ ಬಡಾವಣೆಗಳಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆಗೆ ಒಂದು ಬಾಯಿಮಾತಿನ ನಿಯಮವಿದೆ. ಮುಂಬಾಗಿಲ ದೀಪ ಉರಿಯುತ್ತಿದ್ದರೆ ಮಕ್ಕಳು ಮಿಠಾಯಿ ಕೇಳಲು ಆ ಮನೆಯ ಬಾಗಿಲು ತಟ್ಟಬಹುದು. ಆರಿದ್ದರೆ ಸುಮ್ಮನೆ ಮುಂದಿನ ಮನೆಗೆ ಹೋಗಬೇಕು. ಐದು ವರ್ಷದ ಮಗುವಿಗೂ ಇದು ಗೊತ್ತು. ಮಿಸ್ಸೂರಿ ರಾಜ್ಯ 2008ರಲ್ಲಿ ಈ ವಾಡಿಕೆಯನ್ನು ಕಾಯಿದೆಗೇ ಸೇರಿಸಿತು. ಲೈಂಗಿಕ ಅಪರಾಧಿಗಳ ಸರ್ಕಾರಿ ಪಟ್ಟಿಯಲ್ಲಿ ಹೆಸರಿರುವವರು ಆ ಸಂಜೆ ಮನೆಯ ಹೊರಗಿನ ದೀಪಗಳನ್ನೆಲ್ಲ ಆರಿಸಿ ಒಳಗಿರಬೇಕು, ಇಲ್ಲಿ ಮಿಠಾಯಿ ಸಿಗುವುದಿಲ್ಲ ಎಂದು ಬೋರ್ಡು ಹಾಕಬೇಕು ಎಂದಿತು. ಬೋರ್ಡಿನ ಷರತ್ತನ್ನು 2024ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಸಂವಿಧಾನಬಾಹಿರವೆಂದು ತಳ್ಳಿಹಾಕಿದರು. ಆ ಕಾಯಿದೆಯ ಸರಿತಪ್ಪು ಬೇರೆಯೇ ಚರ್ಚೆ. ಹ್ಯಾಲೋವೀನ್ ಸಂಜೆ ಮನೆಯ ಮುಂದೆ ಉರಿಯುವ ದೀಪ ಗುರುತು ಪರಿಚಯವಿಲ್ಲದ ಮಕ್ಕಳಿಗೆ ಕೊಟ್ಟ ಕರೆ ಎಂಬುದನ್ನು ಶಾಸನಸಭೆಯೊಂದು ಒಪ್ಪಿಕೊಂಡಿತಲ್ಲ, ನನಗೆ ಬೇಕಾದ ಸಾಕ್ಷ್ಯ ಅಷ್ಟೇ.

ಹ್ಯಾಲೋವೀನ್‌ಗೆ ಮನೆ ಸಿಂಗರಿಸುವವರನ್ನು ಕಂಡರೆ ಮೂಗು ಮುರಿಯುವವರು ಬಹಳ ಜನ. ದುಂದುವೆಚ್ಚ, ಪ್ಲಾಸ್ಟಿಕ್ ಕಸ, ಸಾವಿನ ಅಣಕ, ಮಕ್ಕಳ ಮನಸ್ಸಿಗೆ ಕೇಡು ಎಂದು ಅವರ ದೂರುಗಳು ಹಲವು. ಅವುಗಳಲ್ಲಿ ಕೆಲವಕ್ಕೆ ಹುರುಳಿದೆ. ಆದರೆ ಕುಂಬಳಕಾಯಿ, ಅಸ್ಥಿಪಂಜರ, ಮಾಟಗಾತಿಯ ಟೋಪಿಗಳನ್ನು ಅಳೆಯಬೇಕಾದ ಅಳತೆಗೋಲೇ ಬೇರೆ ಎಂಬುದು ನನ್ನ ವಾದ. ಅಲಂಕಾರ ಎಷ್ಟು ಭಯಂಕರವಾಗಿದೆ, ಎಷ್ಟು ದುಡ್ಡು ತಿಂದಿದೆ ಎಂಬುದು ಎರಡನೆಯ ಮಾತು. ಅದು ಒಂದು ಮಗುವನ್ನು ಬಾಗಿಲವರೆಗೆ ಕರೆತರುತ್ತದೆಯೋ ಇಲ್ಲ ರಸ್ತೆಯಲ್ಲೇ ನಿಲ್ಲಿಸುತ್ತದೆಯೋ ಎಂಬುದು ಮೊದಲನೆಯದು.

ಈ ಹಬ್ಬದ ಕೊರೆದ ಮುಖಕ್ಕೆ ಮೊದಲು ಇದ್ದ ಕೆಲಸ ಕರೆಯುವುದಾಗಿರಲಿಲ್ಲ. ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ಗ್ರಾಮಜೀವನದ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಡೊನೆಗಾಲ್ ಕೌಂಟಿಯ ಫಿನ್‌ಟೌನ್ ಎಂಬ ಊರಿನಿಂದ ಬಂದ ಒಂದು ಟರ್ನಿಪ್ ಗಡ್ಡೆಯ ದೀಪದ ಅಚ್ಚು ಅಲ್ಲಿದೆ. ಒಣಗಿ ಸುಕ್ಕುಗಟ್ಟಿದ ಗಡ್ಡೆಗೆ ಕೊರೆದ ಕಣ್ಣು, ಕಿಸಿದ ಹಲ್ಲು. ಇಂದಿನ ಅಂಗಡಿಗಳಲ್ಲಿ ಸಿಗುವ ಯಾವ ರಬ್ಬರ್ ಮುಖವೂ ಅದರ ಹತ್ತಿರ ಸುಳಿಯಲಾರದು, ಅಷ್ಟು ವಿಕಾರ. ಸಾವಿನ್ ಎಂಬ ಹಳೆಯ ಕೆಲ್ಟಿಕ್ ಹಬ್ಬದ ಕಾಲಕ್ಕೆ, ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಸಂಧಿಯಲ್ಲಿ, ಸತ್ತವರೂ ಪೀಡೆಗಳೂ ಓಡಾಡುತ್ತವೆ ಎಂಬ ನಂಬಿಕೆ ಇತ್ತು. ನವೆಂಬರ್ 1ರ ಸರ್ವಸಂತರ ದಿನವನ್ನು ಚರ್ಚು ಅದರ ಪಕ್ಕಕ್ಕೇ ತಂದಿಟ್ಟ ಮೇಲೂ ಈ ನಂಬಿಕೆ ಅಳಿಯಲಿಲ್ಲ. ಗಡ್ಡೆಯ ಮುಖ ಬಂದವರನ್ನು ಬೆಚ್ಚಿಬೀಳಿಸಲಿಕ್ಕೆ, ಬರಬಾರದ್ದನ್ನು ಓಡಿಸಲಿಕ್ಕೆ.

ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಕಟ್ಟುತ್ತಿರುವ ಪ್ರತಿ ಮನೆಯ ಮುಂದೆ ನಾಲಗೆ ಚಾಚಿದ ದೃಷ್ಟಿಗೊಂಬೆಯೋ, ಕಣ್ಣು ಮೀಸೆ ಬರೆದ ಬೂದುಗುಂಬಳವೋ ತೂಗುತ್ತಿರುತ್ತದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿಬೀದಿಗಳಲ್ಲಿ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡರು. ರಾತ್ರಿ ಬಂದು ಕದ ತಟ್ಟುವ ದೆವ್ವ ಅದನ್ನು ಓದಿ, ವಿಧೇಯವಾಗಿ ಹಿಂದಿರುಗಿ, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು. (ಸಾಕ್ಷರ ದೆವ್ವ. ಕನ್ನಡವನ್ನೂ ಬಲ್ಲದ್ದು.) ಹೊಸ್ತಿಲಲ್ಲಿ ಭಯಾನಕವಾದ ಏನನ್ನಾದರೂ ಇಟ್ಟರೆ ಅದರ ಅರ್ಥ ಲೋಕದ ಬಹುಪಾಲು ಕಡೆ ಒಂದೇ: ಒಳಗೆ ಬರಬೇಡ.

ಈ ಅರ್ಥವನ್ನು ಅಮೆರಿಕ ತಲೆಕೆಳಗು ಮಾಡಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆಲೂಗಡ್ಡೆಯ ಬರಗಾಲಕ್ಕೆ ಸಿಕ್ಕಿ ಹಡಗು ಹತ್ತಿದ ಲಕ್ಷಾಂತರ ಐರಿಷ್ ಜನ ಈ ಹಬ್ಬವನ್ನೂ ಜೊತೆಗೆ ಒಯ್ದರು. ಅಲ್ಲಿ ಗಡ್ಡೆಗಿಂತ ದೊಡ್ಡದಾದ, ಕೊರೆಯಲು ಸುಲಭವಾದ, ಒಳಗೆ ಆಗಲೇ ಪೊಳ್ಳಾಗಿರುವ ಕುಂಬಳಕಾಯಿ ಸಿಕ್ಕಿತು. ಮುಖ ಹಿಗ್ಗಿತು. ಅರ್ಥ ಬದಲಾಗಿದ್ದು ಮಾತ್ರ ಕುಂಬಳಕಾಯಿಯಿಂದಲ್ಲ, ಪುಂಡಾಟದಿಂದ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹ್ಯಾಲೋವೀನ್ ರಾತ್ರಿ ಎಂದರೆ ಮನೆ ಯಜಮಾನರಿಗೆ ತಲೆನೋವು. ಹುಡುಗರು ಗೇಟು ಕಿತ್ತು ಹೊತ್ತೊಯ್ಯುತ್ತಿದ್ದರು, ಕಿಟಕಿಗೆ ಸೋಪು ಬಳಿಯುತ್ತಿದ್ದರು, ಹಿತ್ತಲ ಪಾಯಿಖಾನೆಯನ್ನು ಉರುಳಿಸುತ್ತಿದ್ದರು. ಕಾಮದಹನಕ್ಕೆಂದು ಕಟ್ಟಿಗೆ, ಕುಳ್ಳು ಕದಿಯುವ ನಮ್ಮ ಹುಡುಗರ ಗುಂಪನ್ನು ಕಂಡವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಮಿನ್ನೆಸೋಟದ ಅನೋಕಾ ಪಟ್ಟಣದವರು ಬೆಳಗ್ಗೆ ಎದ್ದು ನೋಡಿದರೆ ಮುಖ್ಯ ಬೀದಿಯಲ್ಲಿ ಹಸುಗಳು ಅಡ್ಡಾಡುತ್ತಿದ್ದವು ಎಂಬ ಕತೆಯನ್ನು ಆ ಊರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಇದಕ್ಕೆ ಮದ್ದಾಗಿ 1920ರಲ್ಲಿ ಅಲ್ಲಿ ಹ್ಯಾಲೋವೀನ್ ಮೆರವಣಿಗೆ ಶುರುವಾಯಿತು. ಕ್ಯಾನ್ಸಸ್‌ನ ಹಯವಾಥಾ ಊರಿನಲ್ಲಿ ಎಲಿಜಬೆತ್ ಕ್ರೆಬ್ಸ್ ಎಂಬ ಹೆಂಗಸು, ತನ್ನ ಹೂದೋಟ ವರ್ಷ ವರ್ಷವೂ ಹಾಳಾಗುವುದನ್ನು ನೋಡಿ ಸಾಕಾಗಿ, 1914ರಲ್ಲೇ ಇಂಥದೊಂದು ಕೂಟ ಏರ್ಪಡಿಸಿದ್ದಳು.

ಆರ್ಥಿಕ ಕುಸಿತದ 1930ರ ದಶಕದಲ್ಲಿ ಈ ಪುಂಡಾಟ ಕೈಮೀರಿತು. ನಗರಗಳು, ಶಾಲೆಗಳು, ಮಹಿಳಾ ಸಂಘಗಳು ಕಂಡುಕೊಂಡ ಉಪಾಯ ಸರಳವಾಗಿತ್ತು: ಹುಡುಗರಿಗೆ ಮನೆಯ ಬಾಗಿಲು ತೆರೆಯಿರಿ, ತಿನ್ನಲು ಕೊಡಿ, ಮನೆಯನ್ನೇ ಆಟದ ಜಾಗ ಮಾಡಿ. ಯುದ್ಧಕಾಲದ ಸಕ್ಕರೆ ಪಡಿತರ ಇದಕ್ಕೆ ಸ್ವಲ್ಪ ತಡೆ ಹಾಕಿತು. 1947ರಲ್ಲಿ ಪಡಿತರ ತೆಗೆದ ಮೇಲೆ ಮನೆಮನೆಗೆ ಹೋಗಿ ಮಿಠಾಯಿ ಕೇಳುವುದು ದೇಶದ ತುಂಬ ಹಬ್ಬಿತು. ಅಲಂಕಾರದ ಸಾಮಾನು ಅಷ್ಟರಲ್ಲಿ ಸಿದ್ಧವಾಗಿಯೇ ಇತ್ತು. ಮ್ಯಾಸಚೂಸೆಟ್ಸ್‌ನ ಡೆನಿಸನ್ ಕಂಪನಿ ತನ್ನ ಕ್ರೇಪ್ ಕಾಗದ ಮಾರಲೆಂದೇ 1909ರಲ್ಲಿ ‘ಬೋಗಿ ಬುಕ್’ ಎಂಬ ಕೈಪಿಡಿ ತಂದಿತ್ತು. ಕಾಗದದ ಬೆಕ್ಕು, ಬಾವಲಿ, ಗೂಬೆಗಳನ್ನು ಎಲ್ಲಿ ಹೇಗೆ ಅಂಟಿಸಬೇಕು ಎಂದು ಗೃಹಿಣಿಯರಿಗೆ ಹೇಳಿಕೊಡುವ ಪುಸ್ತಕ. ಪೆನ್ಸಿಲ್ವೇನಿಯದ ಬೀಸ್ಟಲ್ ಕಂಪನಿ ಕೈಕಾಲು ಆಡಿಸಬಹುದಾದ ಕಾಗದದ ಅಸ್ಥಿಪಂಜರವನ್ನು ಮನೆಮನೆಗೆ ಮುಟ್ಟಿಸಿತು.

ಅಂದರೆ ಹುಡುಗರಿಗೆ ಹೆದರುತ್ತಿದ್ದ ಮನೆ ಹುಡುಗರನ್ನು ಹೆದರಿಸುವ ಆಟಕ್ಕೆ ಇಳಿಯಿತು. ಎರಡೂ ಕಡೆಯವರಿಗೆ ಅದು ಆಟವೆಂದು ಗೊತ್ತಿತ್ತು. ಪೀಡೆಯನ್ನು ಓಡಿಸಲು ಕೊರೆದ ಮುಖ ಈಗ ಮಗುವನ್ನು ಮೆಟ್ಟಿಲು ಹತ್ತಿಸತೊಡಗಿತು. ಹ್ಯಾಲೋವೀನ್ ಅಲಂಕಾರವನ್ನು ನಾನು ಸಮರ್ಥಿಸುವುದಿದ್ದರೆ ಈ ಕಾರಣಕ್ಕೆ. ಇಲ್ಲದಿದ್ದರೆ ಅಕ್ಕಪಕ್ಕದವರ ಮುಖ ನೋಡದೆ ಗ್ಯಾರೇಜಿನಿಂದ ಕಾರಿಗೆ, ಕಾರಿನಿಂದ ಗ್ಯಾರೇಜಿಗೆ ಬದುಕು ಸವೆಸುವ ಸಮಾಜದಲ್ಲಿ, ಮುನ್ಸೂಚನೆಯಿಲ್ಲದೆ ಯಾರ ಬಾಗಿಲನ್ನಾದರೂ ತಟ್ಟುವ ಹಕ್ಕು ವರ್ಷಕ್ಕೊಮ್ಮೆ ಮಕ್ಕಳಿಗೆ ಸಿಗುವುದು ಈ ಸಂಜೆ ಮಾತ್ರ.

ಈ ಕರೆಗೆ ಅಲಂಕಾರವೇ ಭಾಷೆ ಎಂಬುದಕ್ಕೆ ನೀಲಿ ಹಸಿರು ಕುಂಬಳಕಾಯಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕಡಲೆಕಾಯಿ, ಹಾಲು, ಮೊಟ್ಟೆಯಂಥವು ಒಗ್ಗದ ಮಕ್ಕಳು ಅಮೆರಿಕದಲ್ಲಿ ಕಡಿಮೆ ಇಲ್ಲ. ಅಂಥ ಮಗುವಿನ ತಾಯಿಗೆ ಹ್ಯಾಲೋವೀನ್ ಚೀಲವೆಂದರೆ ಆತಂಕ. ಟೆನ್ನೆಸ್ಸಿಯ ಒಂದು ಸಣ್ಣ ಗುಂಪಿನಲ್ಲಿ ಹುಟ್ಟಿದ ಯೋಚನೆಯನ್ನು ಆಹಾರದ ಅಲರ್ಜಿಯ ಬಗ್ಗೆ ಕೆಲಸ ಮಾಡುವ ‘ಫೇರ್’ ಎಂಬ ಸಂಸ್ಥೆ 2014ರಲ್ಲಿ ದೇಶಕ್ಕೆಲ್ಲ ಹರಡಿತು: ಕುಂಬಳಕಾಯಿಗೆ ನೀಲಿ ಹಸಿರು ಬಣ್ಣ ಬಳಿದು ಬಾಗಿಲಲ್ಲಿಟ್ಟರೆ, ಈ ಮನೆಯಲ್ಲಿ ತಿನಿಸಲ್ಲದ ಪುಟ್ಟ ಉಡುಗೊರೆಯೂ ಉಂಟು ಎಂದರ್ಥ. ಒಂದು ಡಬ್ಬಿ ಬಣ್ಣ, ಒಂದಿಷ್ಟು ಪೆನ್ಸಿಲು, ಸ್ಟಿಕ್ಕರು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡುವ ಅಲಂಕಾರ ಇನ್ನೊಂದು ನನಗೆ ಗೊತ್ತಿಲ್ಲ.

ಇನ್ನೊಂದು ತುದಿಯಲ್ಲಿ 12 ಅಡಿಯ ಅಸ್ಥಿಪಂಜರ ನಿಂತಿದೆ. ಹೋಮ್ ಡಿಪೋ ಮಳಿಗೆಗಳು 2020ರಲ್ಲಿ 299 ಡಾಲರಿಗೆ ಇದನ್ನು ಮಾರಾಟಕ್ಕಿಟ್ಟವು. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತ ಜನ ಮುಗಿಬಿದ್ದು ಕೊಂಡರು. ಎತ್ತಿಡಲು ಜಾಗವಿಲ್ಲದೆ ಕೆಲವರು ವರ್ಷವಿಡೀ ಅಂಗಳದಲ್ಲೇ ನಿಲ್ಲಿಸಿ ಕ್ರಿಸ್‌ಮಸ್‌ಗೆ ಕೆಂಪು ಟೋಪಿ ಹಾಕಿದರು. ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟದ ಅಂದಾಜಿನಂತೆ 2023ರಲ್ಲಿ ಅಮೆರಿಕನ್ನರು ಹ್ಯಾಲೋವೀನ್‌ಗೆ ಒಟ್ಟು 1,220 ಕೋಟಿ ಡಾಲರ್ ಖರ್ಚು ಮಾಡಿದರೆ ಅದರಲ್ಲಿ 390 ಕೋಟಿ ಬರೀ ಅಲಂಕಾರಕ್ಕೆ ಹೋಯಿತು. ದುಡ್ಡು ಅವರದು, ಅಂಗಳ ಅವರದು, ಅದರ ಲೆಕ್ಕ ಕೇಳಲು ನಾನು ಯಾರು? ನನ್ನ ತಕರಾರು ಅಲಂಕಾರ ಯಾರನ್ನು ಉದ್ದೇಶಿಸಿದ್ದು ಎಂಬುದರ ಬಗ್ಗೆ. ಮೂರಡಿಯ ಮಗು 12 ಅಡಿಯ ಗೊಂಬೆಯ ಬುಡದಲ್ಲಿ ನಿಂತರೆ ಕಾಣುವುದು ಮೊಣಕಾಲಿನ ಚಿಪ್ಪು. ಅದರ ಪೂರ್ತಿ ರೂಪ ಕಾಣುವುದು ಕಾರಿನಲ್ಲಿ ಕೂತು ಹೋಗುವವನಿಗೆ, ರಸ್ತೆಯಾಚೆ ನಿಂತು ಫೋಟೋ ತೆಗೆಯುವವನಿಗೆ. ಕಟ್ಟಡದ ಗೋಡೆಯ ತುಂಬ ಬೆಳಕಿನ ಚಿತ್ರ ಹಾಯಿಸಿ, ಹಾಡಿಗೆ ತಕ್ಕಂತೆ ದೀಪ ಕುಣಿಸುವ ಮನೆಗಳದೂ ಇದೇ ಕತೆ. ಜನ ಸೇರುತ್ತಾರೆ, ವಿಡಿಯೋ ಮಾಡುತ್ತಾರೆ, ಹೋಗುತ್ತಾರೆ. ಬಾಗಿಲು ತಟ್ಟುವವರು ಎಷ್ಟು ಮಂದಿ?

ಸಾವನ್ನು ಅಣಕಿಸಬಾರದು ಎಂಬ ಆಕ್ಷೇಪಕ್ಕೆ ಇಲ್ಲಿ ಬರಬೇಕು. ನಮ್ಮ ಜನ ಹೆಚ್ಚು ಗಟ್ಟಿಯಾಗಿ ಹೇಳುವುದು ಇದನ್ನೇ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಹೆಸರು ಹೇಳಿ ಎಡೆ ಇಡುವ ನಾವೆಲ್ಲಿ, ಎಲುಬಿನ ಗೂಡಿಗೆ ಟೋಪಿ ಹಾಕಿ ನಗುವ ಅವರೆಲ್ಲಿ ಎನ್ನುತ್ತಾರೆ. ಮೆಕ್ಸಿಕೋದವರನ್ನಾದರೂ ನೋಡಿ, ನವೆಂಬರ್ ಮೊದಲೆರಡು ದಿನ ಮನೆಯಲ್ಲಿ ಸತ್ತವರ ಫೋಟೋ ಇಟ್ಟು, ಚೆಂಡುಹೂವು ಹರಡಿ, ಅವರಿಗಿಷ್ಟವಾದ ಊಟ ಬಡಿಸುತ್ತಾರೆ ಎಂಬ ಹೋಲಿಕೆಯೂ ಕೇಳಿಬರುತ್ತದೆ. ಹೋಲಿಕೆ ನಿಜ, ತೀರ್ಮಾನ ತಪ್ಪು. ಎಡೆ ಇಡುವಲ್ಲಿ ಸತ್ತವರಿಗೆ ಹೆಸರಿದೆ, ಗೋತ್ರವಿದೆ, ಬೆಲ್ಲ ಹೆಚ್ಚಿರಬೇಕೋ ಖಾರ ಹೆಚ್ಚಿರಬೇಕೋ ಎಂಬ ನೆನಪಿದೆ. ಹ್ಯಾಲೋವೀನ್ ಅಸ್ಥಿಪಂಜರ ಯಾರದ್ದೂ ಅಲ್ಲ, ಅದಕ್ಕೆ ಹೆಸರಿಲ್ಲ, ಅದು ಸತ್ತ ಬಗೆಯೂ ಇಲ್ಲ. ಆದ್ದರಿಂದಲೇ ಮಗು ಅದನ್ನು ಕಂಡು ಮೊದಲು ಬೆದರಿ, ಆಮೇಲೆ ಅದರ ಬೆರಳು ಹಿಡಿದು ಎಳೆದು ನಗಬಹುದು. ಹೆಸರಿಲ್ಲದಿರುವುದೇ ಅದರ ಗುಣ.

ಪ್ಲಾಸ್ಟಿಕ್ಕನ್ನು ಬೈಯುವವರು ಮರೆಯುವ ಒಂದು ಸಂಗತಿ ಇದೆ, ಅದು ನಮ್ಮ ದೇಶಕ್ಕೇ ಸಂಬಂಧಪಟ್ಟದ್ದು. 1985ರಲ್ಲಿ ಭಾರತ ಸರ್ಕಾರ ಮಾನವ ಅಸ್ಥಿಗಳ ರಫ್ತನ್ನು ನಿಷೇಧಿಸುವವರೆಗೆ ಜಗತ್ತಿನ ವೈದ್ಯಕೀಯ ಕಾಲೇಜುಗಳಿಗೆ ಅಸ್ಥಿಪಂಜರಗಳನ್ನು ಒದಗಿಸುತ್ತಿದ್ದ ದೊಡ್ಡ ಕೇಂದ್ರ ಕೊಲ್ಕತ್ತ. ಬಡವರ ಹೆಣಗಳು, ಗೋರಿಗಳಿಂದ ಕದ್ದ ಎಲುಬುಗಳು ಬ್ಲೀಚ್ ಆಗಿ ಹಡಗು ಹತ್ತುತ್ತಿದ್ದವು. ನಿಜವಾದ ಎಲುಬು ನಕಲಿಗಿಂತ ಅಗ್ಗವಾಗಿದ್ದ ಕಾಲ ಅದು. ‘ಪೋಲ್ಟರ್‌ಗೈಸ್ಟ್’ ಎಂಬ 1982ರ ಹಾಲಿವುಡ್ ಸಿನಿಮಾದ ದೃಶ್ಯವೊಂದರಲ್ಲಿ ನಿಜವಾದ ಅಸ್ಥಿಪಂಜರಗಳನ್ನೇ ಬಳಸಿದ್ದರು. ಅಂಗಳದ ಹುಲ್ಲಿನ ಮೇಲೆ ಕಾಲು ಚಾಚಿ ಕೂತ ಕಾರ್ಖಾನೆಯ ಎಲುಬಿನ ಗೂಡು ಯಾವ ಬಡವನ ಮೈಯೂ ಅಲ್ಲ ಎಂಬುದು ಸಣ್ಣ ಸಮಾಧಾನವಲ್ಲ. ಪ್ಲಾಸ್ಟಿಕ್ ವಿರೋಧಿಸಬೇಕೆಂದರೆ ಹೊರಗಡೆ ಗಿಡಮರಗಳಿಗೆ ಎಳೆದು ಹಬ್ಬಿಸುವ ನಕಲಿ ಜೇಡರಬಲೆಯನ್ನು ವಿರೋಧಿಸಿ. ಹಕ್ಕಿಗಳೂ ಜೇನುನೊಣಗಳೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ ಎಂದು ವನ್ಯಜೀವಿ ರಕ್ಷಕರು ಪ್ರತಿ ಅಕ್ಟೋಬರ್‌ನಲ್ಲೂ ಹೇಳುತ್ತಾರೆ. ಅಸ್ಥಿಪಂಜರವನ್ನಾದರೂ ಮಡಚಿ ಅಟ್ಟಕ್ಕೇರಿಸಿ ಮುಂದಿನ ವರ್ಷ ಇಳಿಸಿಕೊಳ್ಳಬಹುದು, ಬಲೆಯನ್ನು ಯಾರೂ ಬಿಡಿಸಿ ಎತ್ತಿಡುವುದಿಲ್ಲ.

ಹೆಸರಿಲ್ಲದ ಸಾವಿಗೆ ಹೆಸರು ಬಂದಾಗ, ಅಥವಾ ಸಾಯುವ ಬಗೆ ನಿಜವಾದಾಗ, ಆಟ ಕೆಡುತ್ತದೆ. 2005ರ ಅಕ್ಟೋಬರ್‌ನಲ್ಲಿ ಡೆಲವೇರ್ ರಾಜ್ಯದ ಫ್ರೆಡರಿಕಾ ಊರಿನಲ್ಲಿ ರಸ್ತೆ ಬದಿಯ ಮರದಲ್ಲಿ ಹೆಂಗಸೊಬ್ಬಳ ಮೃತದೇಹ ನೇತಾಡುತ್ತಿತ್ತು. ನೋಡಿದವರು ಹಬ್ಬದ ಅಲಂಕಾರ ಎಂದುಕೊಂಡು ಗಂಟೆಗಟ್ಟಲೆ ದಾಟಿ ಹೋದರು. 2009ರಲ್ಲಿ ಕ್ಯಾಲಿಫೋರ್ನಿಯದ ಮರೀನಾ ಡೆಲ್ ರೇಯಲ್ಲಿ ಬಾಲ್ಕನಿಯ ಕುರ್ಚಿಯಲ್ಲಿ ಕುಸಿದಿದ್ದ ಮನುಷ್ಯನ ಶವವನ್ನು ನೆರೆಹೊರೆಯವರು ಹಾಗೆಯೇ ತಪ್ಪು ತಿಳಿದರು. ಇದರ ಮಗ್ಗುಲು ಬದಲಾದದ್ದು 2017ರಲ್ಲಿ. ಟೆನ್ನೆಸ್ಸಿಯ ಗ್ರೀನ್ ಕೌಂಟಿಯಲ್ಲಿ ಗ್ಯಾರೇಜ್ ಬಾಗಿಲಡಿ ಸಿಕ್ಕಿದಂತೆ ಹಾಕಿದ ರಕ್ತಸಿಕ್ತ ಗೊಂಬೆಯನ್ನು ನೋಡಿ ಜನ ತುರ್ತು ಸಂಖ್ಯೆಗೆ ಕರೆ ಮಾಡಿದರು. ಅದು ಅಲಂಕಾರ, ದಯವಿಟ್ಟು ಕರೆ ಮಾಡಬೇಡಿ ಎಂದು ಷೆರಿಫ್ ಕಚೇರಿಯೇ ಹೇಳಬೇಕಾಯಿತು. ಒಂದು ಕಡೆ ಹೆಣ ಗೊಂಬೆಯಾಯಿತು, ಇನ್ನೊಂದು ಕಡೆ ಗೊಂಬೆ ಹೆಣವಾಯಿತು. ಕಷ್ಟದಲ್ಲಿರುವವರನ್ನು ಕಂಡು ನಿಲ್ಲುವ ಅಭ್ಯಾಸ ನೆರೆಹೊರೆಗೆ ತೀರ ಬೇಕಾದದ್ದು, ಅದನ್ನೇ ಮೊಂಡು ಮಾಡುವ ಅಲಂಕಾರವನ್ನು ಕಲೆ, ಸ್ವಾತಂತ್ರ್ಯ ಎಂದೆಲ್ಲ ಹೊಗಳುವುದು ನನ್ನಿಂದಾಗದು. ಮರಕ್ಕೆ ನೇಣು ಕುಣಿಕೆ ಕಟ್ಟುವುದಂತೂ ಆ ದೇಶದಲ್ಲಿ ಬರಿಯ ತಮಾಷೆಯಾಗುವುದು ಸಾಧ್ಯವೇ ಇಲ್ಲ. ಕಪ್ಪು ಜನರನ್ನು ಗುಂಪುಗೂಡಿ ನೇಣಿಗೇರಿಸಿದ ಚರಿತ್ರೆ ಆ ಕುಣಿಕೆಗೆ ಎಂದೋ ಹೆಸರುಗಳನ್ನು ಬರೆದಾಗಿದೆ.

ಮಾಟಗಾತಿಯ ಗೊಂಬೆಯ ಬಗ್ಗೆ ನನಗೆ ಇಷ್ಟು ಖಚಿತವಿಲ್ಲ. ಪೊರಕೆಯ ಮೇಲೆ ಕೂತು ಲೈಟು ಕಂಬಕ್ಕೆ ಡಿಕ್ಕಿ ಹೊಡೆದ ಗೊಂಬೆಯನ್ನು ಕಂಡರೆ ನಗು ಬರುವುದು ಸಹಜ. ಆದರೆ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ 1692ರಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ಗಲ್ಲಿಗೇರಿಸಿದರು, ಜೈಲ್ಸ್ ಕೋರಿ ಎಂಬ ಮುದುಕನನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಅವರಲ್ಲಿ ಒಬ್ಬರೂ ಮಾಟ ಮಾಡಿದವರಲ್ಲ. ಅದೇ ಊರು ಈಗ ಅಕ್ಟೋಬರ್ ತಿಂಗಳಿಡೀ ಟೋಪಿ, ಪೊರಕೆಗಳ ಜಾತ್ರೆ. 1992ರಲ್ಲಿ ನಿರ್ಮಿಸಿದ ಸ್ಮಾರಕದಲ್ಲಿ ಕೊಲೆಯಾದ ಒಬ್ಬೊಬ್ಬರ ಹೆಸರೂ ಕೊರೆದ ಕಲ್ಲು ಹಾಸುಗಳಿವೆ. ಬೇರೆ ಊರಿನ ಬಾಗಿಲಲ್ಲಿ ಹೆಸರಿಲ್ಲದ ಮಾಟಗಾತಿ ಇರಬಹುದೇನೋ. ಆ ಕಲ್ಲುಗಳಿರುವ ಬೀದಿಯಲ್ಲಿ ಆಕೆಯನ್ನು ತೂಗುಹಾಕಲು ನನಗೆ ಕೈ ಬರಲಾರದು.

ಅಲಂಕಾರದ ಸರಿತಪ್ಪಿಗಿಂತ ದೊಡ್ಡ ಕುತ್ತು ಬಂದಿರುವುದು ಬಾಗಿಲಿಗೇ. ಅಪರಿಚಿತರು ಮಿಠಾಯಿಯಲ್ಲಿ ವಿಷ, ಬ್ಲೇಡು ಇಡುತ್ತಾರೆಂಬ ಭಯ ಅಮೆರಿಕದ ತಂದೆತಾಯಿಯರನ್ನು ದಶಕಗಳಿಂದ ಕಾಡಿದೆ. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1958ರಿಂದೀಚಿನ ವರದಿಗಳನ್ನು ಜಾಲಾಡಿದರು. ಮನೆಮನೆಗೆ ಬಂದ ಮಗುವನ್ನು ಅಪರಿಚಿತರೊಬ್ಬರು ಹಾಗೆ ಕೊಂದ ಒಂದೇ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸ್‌ನಲ್ಲಿ ಎಂಟು ವರ್ಷದ ಹುಡುಗ ಸಯನೈಡ್ ಬೆರೆಸಿದ ಮಿಠಾಯಿ ತಿಂದು ಸತ್ತದ್ದು ನಿಜ, ಆದರೆ ವಿಷ ಬೆರೆಸಿದವನು ವಿಮೆಯ ಹಣಕ್ಕೆ ಆಸೆಪಟ್ಟ ಅವನ ಸ್ವಂತ ಅಪ್ಪ. ಭಯಕ್ಕೆ ಈ ಲೆಕ್ಕವೆಲ್ಲ ಬೇಕಾಗಿಲ್ಲ. ಈಗ ಅನೇಕ ಊರುಗಳಲ್ಲಿ ಚರ್ಚು, ಶಾಲೆಗಳ ಪಾರ್ಕಿಂಗ್ ಜಾಗದಲ್ಲಿ ಕಾರುಗಳ ಡಿಕ್ಕಿ ತೆರೆದು, ಅದಕ್ಕೇ ಅಲಂಕಾರ ಮಾಡಿ, ಗೊತ್ತಿರುವವರ ಮಕ್ಕಳಿಗೆ ಮಾತ್ರ ಹಂಚುತ್ತಾರೆ. ಹಬ್ಬ ಉಳಿಯಿತು, ಬಾಗಿಲು ಹೋಯಿತು. ನಿಜವಾದ ಅಪಾಯ ಎಲ್ಲಿದೆ ಎಂದರೆ ರಸ್ತೆಯಲ್ಲಿ. 1975ರಿಂದ 2016ರವರೆಗಿನ ಅಪಘಾತಗಳನ್ನು ಪರಿಶೀಲಿಸಿ ‘ಜಾಮಾ ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹ್ಯಾಲೋವೀನ್ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಸಂಭವ ಅದರ ಹಿಂದಿನ ಮುಂದಿನ ವಾರದ ಸಂಜೆಗಳಿಗಿಂತ ಶೇ. 43ರಷ್ಟು ಹೆಚ್ಚು. ಕಪ್ಪು ಬಟ್ಟೆ ತೊಟ್ಟ, ಮುಖವಾಡದಿಂದ ಅರ್ಧ ಕುರುಡಾದ ಮಕ್ಕಳು ಓಡಾಡುವ ಬೀದಿಯಲ್ಲಿ ಹೊಗೆಯಂತ್ರಕ್ಕಿಂತ ಕಾಲುದಾರಿಯುದ್ದಕ್ಕೂ ಇಟ್ಟ ನಾಲ್ಕು ದೀಪ ಮೇಲು ಎನ್ನಲು ಬೇರೆ ಪುರಾವೆ ಬೇಕಿಲ್ಲ.

ಶ್ರೀಮಂತ ಬಡಾವಣೆಗಳಿಂದ ಪ್ರತಿ ವರ್ಷ ಕೇಳಿಬರುವ ಇನ್ನೊಂದು ಗೊಣಗಾಟ ಇದೆ: ನಮ್ಮ ಬೀದಿಯವರಲ್ಲದ ಮಕ್ಕಳು ವ್ಯಾನುಗಳಲ್ಲಿ ಬಂದಿಳಿಯುತ್ತಾರೆ, ನಮ್ಮ ಮಿಠಾಯಿ ಖಾಲಿಯಾಗುತ್ತದೆ. ಊರಿಗೆಲ್ಲ ಕಾಣುವಂತೆ ಕುಂಬಳಕಾಯಿಯ ರಾಶಿ ಹಾಕಿ ದೀಪ ಹಚ್ಚಿದ ಮೇಲೆ ಬಂದ ಮಗುವಿನ ವಿಳಾಸ ಕೇಳುವುದು ಎಲ್ಲಿಯ ನ್ಯಾಯ? ಬಡ ಬಡಾವಣೆಯ ಕತ್ತಲ ಅಪಾರ್ಟ್‌ಮೆಂಟುಗಳಿಂದ ಅಮ್ಮನೊಬ್ಬಳು ಮಕ್ಕಳನ್ನು ಇಲ್ಲಿಗೆ ಕರೆತಂದಿದ್ದರೆ, ಆ ಮನೆಯ ಅಲಂಕಾರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಿಗೆ ಈ ಸಂಜೆ ಒಂದು ವಿಚಿತ್ರ ಗಡಿ. ಹ್ಯಾಲೋವೀನ್ ಮುಗಿದ ಬೆಳಗ್ಗೆಯೇ ರಾಜ್ಯೋತ್ಸವ, ದೀಪಾವಳಿ ಹಿಂದೆಯೋ ಮುಂದೆಯೋ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿತ್ತು. ಬಾಗಿಲಲ್ಲಿ ಹಣತೆ ಸಾಲು ಹಚ್ಚಿದ ಮನೆಗಳಿಗೆ ಅದೇ ಸಂಜೆ ಬ್ಯಾಟ್‌ಮ್ಯಾನ್‌ಗಳೂ ದೆವ್ವಗಳೂ ಬಂದು ಚೀಲ ಒಡ್ಡಿದವು, ಏಕೆಂದರೆ ಆ ಮಕ್ಕಳ ಲೆಕ್ಕದಲ್ಲಿ ದೀಪ ಉರಿದರೆ ಕರೆದಂತೆ. ಕೊರೆದ ಕುಂಬಳಕಾಯಿಯನ್ನು ಮರುದಿನ ಪಲ್ಯ ಮಾಡಿಬಿಡೋಣ ಎಂದು ಹೊರಟವರಿಗೆ ಮಾತ್ರ ನಿರಾಸೆ ಕಾದಿರುತ್ತದೆ. ಮುಖ ಕೊರೆಯಲು ಬೆಳೆಸುವ ತಳಿಯ ತಿರುಳು ನಾರು, ನೀರು. ಹುಳಿಗೂ ಒಗ್ಗದು, ಗೊಜ್ಜಿಗೂ ಒಗ್ಗದು.

ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಮಕ್ಕಳು ಆ ಸಂಜೆ ಮಹಡಿ ಮಹಡಿ ಹತ್ತಿಳಿಯುತ್ತಾರೆ. ಪರದೇಶದ ಹಬ್ಬ ನಮಗೇಕೆ ಎಂಬ ಸಿಟ್ಟು ಅದರ ಬೆನ್ನಿಗೇ ಬರುತ್ತದೆ. ಕ್ರಿಕೆಟ್ಟೂ ಹುಟ್ಟುಹಬ್ಬದ ಕೇಕೂ ಪರದೇಶದವೇ, ಆ ಸಿಟ್ಟಿನ ಜೊತೆ ವಾದಿಸಲು ನನಗೆ ಆಸಕ್ತಿ ಇಲ್ಲ. ನನ್ನ ಕಣ್ಣಿಗೆ ಬಿದ್ದದ್ದು ವಾಟ್ಸಾಪ್ ಗುಂಪಿನಲ್ಲಿ ಮೊದಲೇ ಹೆಸರು ಕೊಟ್ಟ ಫ್ಲ್ಯಾಟುಗಳ ಪಟ್ಟಿ. ಯಾವ ಬಾಗಿಲು ತಟ್ಟಬೇಕು, ಎಷ್ಟು ಗಂಟೆಯೊಳಗೆ, ತಲಾ ಎಷ್ಟು ಚಾಕೊಲೇಟು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಅಂಗಡಿಯಿಂದ ತಂದ ಬಾವಲಿ, ಬಲೆಗಳು ಹಾಗೇ ಇವೆ, ಗುರುತಿಲ್ಲದ ಮಗು ಬಾಗಿಲಿಗೆ ಬರುವ ಸಾಧ್ಯತೆಯೊಂದನ್ನು ಬಿಟ್ಟು. ಅದೇ ಕಾಂಪೌಂಡಿನಲ್ಲಿ ಮನೆಗೆಲಸಕ್ಕೆ ಬರುವವರ ಮಕ್ಕಳಿದ್ದಾರೆ, ಗೇಟಿನ ಕೋಣೆಯಲ್ಲಿ ವಾಚ್‌ಮನ್ನನ ಮಗಳಿದ್ದಾಳೆ, ಪಕ್ಕದ ಸೈಟಿನಲ್ಲಿ ಬೂದುಗುಂಬಳ ಕಟ್ಟಿದ ಕಟ್ಟಡದ ತಗಡಿನ ಶೆಡ್ಡುಗಳಲ್ಲಿ ರಾಯಚೂರು, ಕಲಬುರಗಿಯಿಂದ ಬಂದ ಕೂಲಿಯವರ ಮಕ್ಕಳಿದ್ದಾರೆ. ಅವರನ್ನು ಸೇರಿಸಿಕೊಳ್ಳಲು ಸಂಘದ ಸಭೆಯ ಠರಾವೇನೂ ಬೇಡ. ಮೇಸ್ತ್ರಿಗೂ ವಾಚ್‌ಮನ್ನನಿಗೂ ಹಿಂದಿನ ದಿನ ಒಂದು ಮಾತು, ಮತ್ತೆರಡು ಪೊಟ್ಟಣ ಚಾಕೊಲೇಟು, ವೇಷಕ್ಕೆ ಹಳೆಯ ದುಪಟ್ಟಾಗಳು.